ಪಾತ್ರಕ್ಕೊಂದು ಇನ್‌ಸ್ಟಾಗ್ರಾಂ ಖಾತೆ ತೆರೆದರೆ ಸಾಕೇ?

ಪ್ರಶ್ನೆ: ಹುಬ್ಬಳ್ಳಿ–ಧಾರವಾಡದ ಪಿ.ಯು. ಕಾಲೇಜು ಹುಡುಗ ಹುಡುಗಿಯರ ಬಗ್ಗೆ ಎಂಟು ವಾರಗಳ ಧಾರಾವಾಹಿ ಮಾಡುತ್ತಿದ್ದೇವೆ. ನಮ್ಮದು ಆರು ಜನರ ತಂಡ. ವಾರಕ್ಕೊಂದು ಸಂಚಿಕೆ ಟಿ.ವಿ.ಯಲ್ಲಿ, ಉಳಿದದ್ದು ಮೊಬೈಲ್‌ನಲ್ಲಿ. "ನಾರ್ವೆಯ 'ಸ್ಕಾಮ್' ಸರಣಿಯ ಥರ ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್‌ಆ್ಯಪ್ ಎಲ್ಲ ಕಡೆ ಕಥೆ ಇರಲಿ, ಪ್ರೇಕ್ಷಕರ ವೋಟಿನಿಂದ ಕಥೆ ನಡೆಯಲಿ" ಎಂದು ಚಾನೆಲ್‌ನವರು ಹೇಳಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ಇಂಥವು ಎಲ್ಲಿ ಕೈಕೊಡುತ್ತವೆ?

ಉತ್ತರ: ಚಾನೆಲ್‌ನವರ ಮಾತಿನೊಳಗೇ ಒಂದು ತೊಡಕಿದೆ. 'ಸ್ಕಾಮ್'ನಲ್ಲಿ ವೋಟಿಂಗ್ ಇರಲೇ ಇಲ್ಲ. ನಾಲ್ಕು ಸೀಸನ್, 43 ಸಂಚಿಕೆ. ಒಮ್ಮೆಯೂ "ಮುಂದೇನಾಗಬೇಕು, ನೀವೇ ಹೇಳಿ" ಎಂದು ಯಾರೂ ಪ್ರೇಕ್ಷಕರನ್ನು ಕೇಳಲಿಲ್ಲ. ಪಾತ್ರಗಳಿಗೆ ಇನ್‌ಸ್ಟಾಗ್ರಾಂ ಖಾತೆಗಳಿದ್ದವು ನಿಜ, ಆದರೆ ಅವು ಅಭಿಮಾನಿಗಳ ಜೊತೆ ಹರಟೆಗೆ ಕೂರುತ್ತಿರಲಿಲ್ಲ. ಹಾಗಿದ್ದೂ ನಾರ್ವೆಯ ಹದಿಹರೆಯದವರು ದಿನಕ್ಕೆ ಹತ್ತು ಸಲ ಆ ಸರಣಿಯ ಜಾಲತಾಣ ತೆರೆದು ನೋಡುತ್ತಿದ್ದರು. ಭಾಷೆ ಬಾರದ ದೇಶಗಳ ಅಭಿಮಾನಿಗಳು ತಾವೇ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಗೂಗಲ್ ಡ್ರೈವ್‌ನಲ್ಲಿ ಹಂಚಿಕೊಂಡರು. ವೇದಿಕೆಗಳ ಸಂಖ್ಯೆಯಿಂದ ಬಂದ ಫಲ ಇದಲ್ಲ. ಅವರು ಎರಡು ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರು: ಕಥೆಯ ಗಡಿಯಾರ, ನೋಡುವವರ ಗಡಿಯಾರ ಎರಡೂ ಒಂದೇ, ಒಂದು ಸೀಸನ್ನಿಗೆ ಒಬ್ಬರದೇ ಕಣ್ಣು. ನಿಮ್ಮ ಕೆಲಸ ಈ ಎರಡರಿಂದ ಶುರುವಾಗಲಿ. ವೋಟಿಂಗ್ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊದಲು 'ಸ್ಕಾಮ್' ನಡೆದ ಬಗೆ ಚುಟುಕಾಗಿ. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2015ರ ಸೆಪ್ಟೆಂಬರ್‌ನಿಂದ 2017ರ ಜೂನ್‌ವರೆಗೆ ಇದನ್ನು ಪ್ರಸಾರ ಮಾಡಿತು. ಬರೆದು ನಿರ್ದೇಶಿಸಿದವರು ಯೂಲಿಯೆ ಆಂಡೆಮ್. ಕಥೆ ನಡೆಯುವುದು ಓಸ್ಲೋದ ಹಾರ್ಟ್‌ವಿಗ್ ನಿಸೆನ್ ಶಾಲೆಯಲ್ಲಿ. ಇಟ್ಟುಕೊಂಡ ಗುರಿ ಒಂದೇ: ಹದಿನಾರು ವರ್ಷದ ಹುಡುಗಿಯರು. ಬರೆಯುವ ಮುಂಚೆ ತಂಡದವರು ಆ ವಯಸ್ಸಿನವರನ್ನು ದೇಶದ ತುಂಬ ಸಂದರ್ಶಿಸಿದ್ದರು. ಜಾಹೀರಾತು ಹೆಚ್ಚುಕಡಿಮೆ ಮಾಡಲೇ ಇಲ್ಲ. ಹುಡುಗಿಯರು ಇದನ್ನು ತಾವೇ ಕಂಡುಹಿಡಿದೆವು ಎಂದುಕೊಳ್ಳಬೇಕು, ಅಪ್ಪ ಅಮ್ಮಂದಿರು ಮೊದಲೇ ಬಂದು ಕೂತುಬಿಡಬಾರದು ಎಂಬ ಲೆಕ್ಕಾಚಾರ. ಕಥೆಯಲ್ಲಿ ಮಂಗಳವಾರ ಬೆಳಿಗ್ಗೆ ಜಗಳವಾದರೆ ಆ ಕ್ಲಿಪ್ ನಿಜವಾದ ಮಂಗಳವಾರ ಬೆಳಿಗ್ಗೆ ಅದೇ ಹೊತ್ತಿಗೆ ಜಾಲತಾಣಕ್ಕೆ ಬರುತ್ತಿತ್ತು. ನಡುನಡುವೆ ಪಾತ್ರಗಳ ಚಾಟ್‌ನ ಸ್ಕ್ರೀನ್‌ಶಾಟ್‌ಗಳು, ಇನ್‌ಸ್ಟಾಗ್ರಾಂ ಫೋಟೊಗಳು. ಶುಕ್ರವಾರ ವಾರದ ಕ್ಲಿಪ್‌ಗಳನ್ನೆಲ್ಲ ಜೋಡಿಸಿ ಒಂದು ಸಂಚಿಕೆ. ನಾಯಕಿ ಒಂದು ಮೆಸೇಜಿಗೆ ಉತ್ತರ ಕಾಯುತ್ತಿದ್ದರೆ ನೋಡುವವರೂ ಅಷ್ಟೇ ದಿನ ಕಾಯಬೇಕು. ಈ ಕಾಯುವಿಕೆಯಲ್ಲೇ ಊಹೆ, ವಾದ, ಅಭಿಮಾನಿಗಳ ಕಥೆ, ಚಿತ್ರ ಎಲ್ಲವೂ ಹುಟ್ಟಿದವು. ಅಂದರೆ ಪ್ರೇಕ್ಷಕರು ಪಾಲ್ಗೊಂಡದ್ದು ಎರಡು ಕ್ಲಿಪ್‌ಗಳ ನಡುವಿನ ಖಾಲಿ ಜಾಗದಲ್ಲಿ. ನಮ್ಮ ಧಾರಾವಾಹಿ ಪದ್ಧತಿಗೆ ಆ ಖಾಲಿ ಜಾಗ ಕಂಡರೆ ಭಯ. ತಕ್ಷಣ ಒಂದು ಪ್ರೊಮೊ ತುಂಬಿಸಿಬಿಡುತ್ತೇವೆ.

ನಿಮ್ಮ ಮೊದಲ ಕೆಲಸ ಚಿತ್ರಕಥೆಗಿಂತ ಮುಂಚೆ ಒಂದು ಪಂಚಾಂಗ ಬರೆಯುವುದು. 56 ದಿನಗಳ ಒಂದು ಸ್ಪ್ರೆಡ್‌ಶೀಟ್ ಸಾಕು. ದಿನಾಂಕ, ಗಂಟೆ–ನಿಮಿಷ, ಪಾತ್ರ ಎಲ್ಲಿದ್ದಾಳೆ, ಅವಳಿಗೆ ಆ ಕ್ಷಣದಲ್ಲಿ ಏನು ಗೊತ್ತು, ಏನು ಗೊತ್ತಿಲ್ಲ, ಯಾವ ರೂಪದಲ್ಲಿ ಹೊರಬರುತ್ತದೆ (ಕ್ಲಿಪ್, ಚಾಟ್, ಪೋಸ್ಟ್), ಫೈಲಿನ ಹೆಸರು, ತಪ್ಪಿದರೆ ಬದಲಿ ಏನು. ಇದರಲ್ಲಿ "ಏನು ಗೊತ್ತಿಲ್ಲ" ಎಂಬ ಕಾಲಂ ಅತಿಮುಖ್ಯ. ಬುಧವಾರದ ಕ್ಲಿಪ್‌ನಲ್ಲಿ ಗೆಳತಿಗೆ ಗೊತ್ತಾಗುವ ಸಂಗತಿಯನ್ನು ಮಂಗಳವಾರ ರಾತ್ರಿಯ ಅವಳ ಪೋಸ್ಟ್ ಬಿಟ್ಟುಕೊಡುವುದು ಈ ಬಗೆಯ ಕಥೆಗಳಲ್ಲಿ ಪದೇ ಪದೇ ಆಗುವ ಎಡವಟ್ಟು. ಟಿ.ವಿ.ಯಲ್ಲಾದರೆ ಯಾರೂ ಗಮನಿಸುವುದಿಲ್ಲ. ಇಲ್ಲಿ ನೋಡುವವರು ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುತ್ತಾರೆ.

ಪ್ರಮಾಣದ ಲೆಕ್ಕ ಹೀಗಿಡಿ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ನಾಲ್ಕು ಕ್ಲಿಪ್, ಒಂದೊಂದು 3ರಿಂದ 7 ನಿಮಿಷ. ಎಂಟು ವಾರಕ್ಕೆ 32 ಕ್ಲಿಪ್. ಚಾಟ್ ವಾರಕ್ಕೆ 6–8, ಪೋಸ್ಟ್ ಎಲ್ಲ ಖಾತೆಗಳಿಂದ ಸೇರಿ 8–10. ಆರು ಜನರ ತಂಡಕ್ಕೆ ಇದೇ ಗರಿಷ್ಠ. ಪಾತ್ರ ಹತ್ತಿದ್ದರೂ ಸಕ್ರಿಯ ಖಾತೆ ನಾಲ್ಕಕ್ಕಿಂತ ಹೆಚ್ಚು ಬೇಡ. ಉಳಿದವರು ಫೋಟೊದಲ್ಲಿ ಕಾಣಿಸಿಕೊಂಡರೆ ಸಾಕು. ವಾರಾಂತ್ಯದ ಸಂಚಿಕೆ ಮೊಬೈಲ್ ಮುಟ್ಟದ ಅಜ್ಜಿಗೂ ಪೂರ್ತಿ ಅರ್ಥವಾಗಬೇಕು. ಚಾಟ್‌ನಲ್ಲಿ ಮಾತ್ರ ಬಂದ ಒಂದು ಸುಳಿವಿನ ಮೇಲೆ ಸಂಚಿಕೆಯ ತಿರುವು ನಿಂತಿದ್ದರೆ ಟಿ.ವಿ. ನೋಡುಗರು ಎರಡನೇ ವಾರಕ್ಕೇ ಬಿಟ್ಟುಹೋಗುತ್ತಾರೆ. ಚಾಟ್, ಪೋಸ್ಟುಗಳ ಕೆಲಸ ಗಾಯವನ್ನು ಆಳ ಮಾಡುವುದು. ಗಾಯ ಆಗುವುದು ಕ್ಲಿಪ್‌ನಲ್ಲೇ ಆಗಲಿ.

ವೇಳೆಯನ್ನು ನಾರ್ವೆಯಿಂದ ಎರವಲು ತರಬೇಡಿ. ಅಲ್ಲಿ ಶಾಲೆಯ ಬಿಡುವಿನಲ್ಲಿ ಹುಡುಗರ ಕೈಯಲ್ಲಿ ಫೋನಿತ್ತು. ನಮ್ಮ ಬಹಳಷ್ಟು ಪಿ.ಯು. ಕಾಲೇಜುಗಳಲ್ಲಿ ಫೋನ್ ತರುವಂತಿಲ್ಲ, ತಂದರೆ ಪ್ರಿನ್ಸಿಪಾಲರ ಕಪಾಟಿಗೆ ಹೋಗುತ್ತದೆ. ಬೆಳಿಗ್ಗೆ 11.20ಕ್ಕೆ ಬಿಟ್ಟ ಕ್ಲಿಪ್ಪನ್ನು ನಿಮ್ಮ ನಿಜವಾದ ಪ್ರೇಕ್ಷಕರು ಸಂಜೆ ನೋಡುತ್ತಾರೆ, ಆಗ "ಈಗ ನಡೆಯುತ್ತಿದೆ" ಎಂಬ ಭಾವವೇ ಹೋಗಿಬಿಡುತ್ತದೆ. ಆದ್ದರಿಂದ ಮುಖ್ಯ ದೃಶ್ಯಗಳನ್ನು ಅವರ ಕೈಗೆ ಫೋನ್ ಬರುವ ಹೊತ್ತಿಗೆ ಬರೆಯಿರಿ: ಬೆಳಿಗ್ಗೆ ಟ್ಯೂಷನ್‌ಗೆ ಹೋಗುವಾಗ 'ಚಿಗರಿ' ಬಸ್ಸಿನಲ್ಲಿ, ಸಂಜೆ ನಾಲ್ಕೂವರೆಯ ನಂತರ, ರಾತ್ರಿ ಊಟವಾಗಿ ಮನೆಯವರು ಧಾರಾವಾಹಿ ಮುಂದೆ ಕೂತಾಗ, ಭಾನುವಾರ ಮಧ್ಯಾಹ್ನ. ಕಾಲೇಜಿನೊಳಗಿನ ದೃಶ್ಯ ಬೇಕೇ ಬೇಕಾದರೆ ಅದು ಕೊನೆಯ ಪೀರಿಯಡ್ ಮುಗಿದ ಮೇಲಿನದ್ದಾಗಲಿ. ಇಡೀ ಸರಣಿಯಲ್ಲಿ ಒಂದೇ ಒಂದು ಕ್ಲಿಪ್ ನಡುರಾತ್ರಿ ಎರಡು ಗಂಟೆಗೆ ಬರಲಿ. ಬೆಳಿಗ್ಗೆ ಎದ್ದು ಆ ವೇಳೆ ನೋಡಿದಾಗಲೇ ಏನೋ ಆಗಿದೆ ಎಂದು ತಿಳಿಯುತ್ತದೆ. ಎರಡನೇ ಸಲ ಮಾಡಿದರೆ ಅದು ಬರೀ ಗಿಮಿಕ್ ಆಗಿಬಿಡುತ್ತದೆ.

ವೇಳಾಪಟ್ಟಿಯನ್ನು ಮೊದಲೇ ಘೋಷಿಸಬೇಡಿ. ಯೂಟ್ಯೂಬ್‌ನ 'ಪ್ರೀಮಿಯರ್' ಸೌಲಭ್ಯ ಬಳಸಿದರೆ ಕೌಂಟ್‌ಡೌನ್ ಎಲ್ಲರಿಗೂ ಕಾಣುತ್ತದೆ, ಅದು ಬೇಡ. ಕ್ಲಿಪ್ಪನ್ನು 'ಪ್ರೈವೇಟ್' ಆಗಿ ಕನಿಷ್ಠ ಆರು ತಾಸು ಮುಂಚೆ ಏರಿಸಿಟ್ಟು ವೇಳೆ ನಿಗದಿ ಮಾಡಿ. ಏರಿಸಿದ ಕೂಡಲೇ ಬಿಟ್ಟರೆ ಎಚ್‌ಡಿ ಆವೃತ್ತಿ ತಯಾರಾಗಿರುವುದಿಲ್ಲ, ಮೊದಲು ಓಡಿ ಬಂದ ನಿಷ್ಠಾವಂತರಿಗೇ ಮಸುಕು ಚಿತ್ರ ಸಿಗುತ್ತದೆ.

ಇನ್ನು ಮಳೆ. ಎರಡು ವಾರ ಮುಂಚೆ ಚಿತ್ರೀಕರಿಸಿದ ದೃಶ್ಯದಲ್ಲಿ ಬಿಸಿಲು ಹೊಡೆಯುತ್ತಿದೆ, ಬಿಡುಗಡೆಯ ದಿನ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಿದೆ. ಇಡೀ ಕಟ್ಟಡ ಅಲ್ಲೇ ಬಿರುಕು ಬಿಡುತ್ತದೆ. ಹೊರಾಂಗಣವನ್ನು ಕ್ಲಿಪ್‌ನ ಮೊದಲ ಅರ್ಧ ನಿಮಿಷಕ್ಕೆ ಸೀಮಿತಗೊಳಿಸಿ, ಅದೇ ಭಾಗವನ್ನು ಛತ್ರಿ ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ ತೆಗೆದಿಟ್ಟುಕೊಳ್ಳಿ. ಹಿಂದಿನ ರಾತ್ರಿ ಜಿಲ್ಲಾಧಿಕಾರಿಗಳು ಶಾಲಾ–ಕಾಲೇಜಿಗೆ ರಜೆ ಸಾರಿದರೆ ಮರುದಿನದ ಕಾಲೇಜು ದೃಶ್ಯ ಏನಾಗಬೇಕು? ಹಾಗಾಗಿ ಪ್ರತಿ ವಾರದ ನಾಲ್ಕು ಕ್ಲಿಪ್‌ಗಳಲ್ಲಿ ಒಂದನ್ನು ಯಾವ ದಿನಕ್ಕಾದರೂ ಸರಿಸಬಹುದಾದಂತೆ ಬರೆಯಿರಿ: ಮನೆ, ಮಹಡಿ, ಇಬ್ಬರೇ ಪಾತ್ರ, ದಿನದ ಉಲ್ಲೇಖವಿಲ್ಲ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂದರ್ಭವೂ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮಧ್ಯಾಹ್ನ ಯಾವುದೋ ಪಾತ್ರದ ಖಾತೆಯಿಂದ ಮೊದಲೇ ನಿಗದಿಯಾಗಿದ್ದ ಪಾರ್ಟಿ ಫೋಟೊ ಹೊರಬಿದ್ದಿದ್ದರೆ ಅದನ್ನು ಯಾರೂ ಕ್ಷಮಿಸುತ್ತಿರಲಿಲ್ಲ. ನಿಗದಿಯಾದ ಎಲ್ಲವನ್ನೂ ಐದು ನಿಮಿಷದಲ್ಲಿ ತಡೆಯುವ ಅಧಿಕಾರ, ಪಾಸ್‌ವರ್ಡ್ ಎರಡೂ ಇರುವ ಒಬ್ಬರು ಪ್ರತಿದಿನ ಪಾಳಿಯಲ್ಲಿರಬೇಕು. ಚಾನೆಲ್‌ನ ಅನುಮತಿ ಕೇಳಿ ತಡೆಯುವುದಾದರೆ ತಡವಾಗುತ್ತದೆ, ಆ ಅಧಿಕಾರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಎರಡನೇ ನಿಯಮ ಕಣ್ಣಿನದು. 'ಸ್ಕಾಮ್'ನ ಮೊದಲ ಸೀಸನ್ ಎವಾಳದು, ಎರಡನೆಯದು ನೂರಾಳದು, ಮೂರನೆಯದು ಇಸಾಕ್‌ನದು, ನಾಲ್ಕನೆಯದು ಸಾನಾಳದು. ಆ ಸೀಸನ್ನಿನಲ್ಲಿ ಅವರಿಲ್ಲದ ಕೋಣೆಗೆ ಕ್ಯಾಮೆರಾ ಹೋಗುವುದಿಲ್ಲ. ಕೊನೆಯ ಸೀಸನ್ನಿನ ಕೊನೆಯ ಸಂಚಿಕೆಯಲ್ಲಷ್ಟೇ ಇದು ಸಡಿಲವಾಯಿತು. ಚಾಟ್‌ಗಳೂ ಹಾಗೇ, ಆ ಪಾತ್ರದ ಫೋನಿನಲ್ಲಿ ಕಾಣುವವು ಮಾತ್ರ. ಹೀಗಾಗಿ ಉಳಿದವರ ಮನಸ್ಸಿನಲ್ಲೇನಿದೆ ಎಂದು ತಿಳಿಯಲು ಅವರ ಇನ್‌ಸ್ಟಾಗ್ರಾಂ ಒಂದೇ ದಾರಿಯಾಯಿತು, ಆ ಖಾತೆಗಳಿಗೆ ಬೆಲೆ ಬಂತು. ನಮ್ಮ ಧಾರಾವಾಹಿಗಳಲ್ಲಿ ಅತ್ತೆಯ ಸಂಚೂ ಗೊತ್ತು, ಸೊಸೆಯ ಅಳುವೂ ಗೊತ್ತು, ಬಾಗಿಲ ಹಿಂದೆ ನಿಂತವಳೂ ಗೊತ್ತು. ಎಲ್ಲವನ್ನೂ ಕಂಡ ಪ್ರೇಕ್ಷಕರು ಯಾವ ಖಾತೆಯಲ್ಲಿ ಏನು ಹುಡುಕಬೇಕು? ಕಣ್ಣು ಒಂದೇ ಇಡಲು ಚಾನೆಲ್ ಒಪ್ಪದಿದ್ದರೆ ಪಾತ್ರಗಳ ಖಾತೆಗೆ ಹಣ ಸುರಿಯಬೇಡಿ, ಅದು ಬರೀ ಪ್ರಚಾರದ ಪುಟವಾಗುತ್ತದೆ.

ಕಥೆಯನ್ನು ನಮ್ಮ ನೆಲಕ್ಕೆ ತರುವಾಗ ಅಲ್ಲಿನ ಸಾಮಗ್ರಿ ಅಲ್ಲೇ ಬಿಡಿ. ಮೂಲದಲ್ಲಿ ಹುಡುಗಿಯರನ್ನು ಒಟ್ಟುಗೂಡಿಸುವುದು 'ರುಸ್' ಬಸ್ಸು: ಶಾಲೆ ಮುಗಿಸುವ ವರ್ಷ ಗುಂಪಾಗಿ ಬಸ್ಸು ಹಿಡಿದು ಕುಣಿಯುವ ನಾರ್ವೆಯ ರೂಢಿ. 2018ರಲ್ಲಿ ಫೇಸ್‌ಬುಕ್ ವಾಚ್‌ಗಾಗಿ ಅಮೆರಿಕದಲ್ಲಿ 'ಸ್ಕಾಮ್ ಆಸ್ಟಿನ್' ಮಾಡಿದಾಗ ಅದರ ಜಾಗಕ್ಕೆ ಶಾಲೆಯ ನೃತ್ಯ ತಂಡ ಬಂತು. ಹುಬ್ಬಳ್ಳಿಗೆ ಹೊಂದುವ ವಸ್ತು ಗಣೇಶ ಮಂಡಳಿಯ ಪಟ್ಟಿ (ಚಂದಾ) ಎತ್ತುವುದಿರಬಹುದು, ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರವಿರಬಹುದು. ಶಿಬಿರ ಹೆಚ್ಚು ಅನುಕೂಲ. ದಿನ ಗೊತ್ತುಪಡಿಸಬಹುದು, ಮನೆಯವರಿಲ್ಲ, ನೆಟ್‌ವರ್ಕ್ ಸಿಗದ ಊರೆಂದರೆ ಎರಡು ದಿನ ಮೌನವಾಗಿರಲು ಕಾರಣವೂ ಸಿಗುತ್ತದೆ.

ಚಾಟ್ ತಯಾರಿಕೆಯಲ್ಲಿ ಎಲ್ಲರೂ ಸೋಮಾರಿತನ ಮಾಡುತ್ತಾರೆ. ನಕಲಿ ಚಾಟ್ ತಯಾರಿಸುವ ಆ್ಯಪ್‌ಗಳಿಂದ ಬಂದ ಚಿತ್ರವನ್ನು ಹದಿನೇಳರ ಹುಡುಗಿ ಒಂದು ನೋಟಕ್ಕೆ ಹಿಡಿಯುತ್ತಾಳೆ. ಅಕ್ಷರದ ಗಾತ್ರ, ಟಿಕ್ ಗುರುತಿನ ಬಣ್ಣ ಯಾವುದೂ ಸರಿಯಿರುವುದಿಲ್ಲ. ನಾಲ್ಕು ಅಗ್ಗದ ಫೋನ್, ನಾಲ್ಕು ಸಿಮ್ ತನ್ನಿ. ಪಾತ್ರಗಳ ಹೆಸರಲ್ಲಿ ನಂಬರ್ ಉಳಿಸಿಕೊಳ್ಳಿ, ಅಮ್ಮನ ನಂಬರನ್ನು ಆ ಹುಡುಗಿ ಏನೆಂದು ಉಳಿಸಿಕೊಂಡಿರುತ್ತಾಳೋ ಹಾಗೆ. ನಿಜವಾಗಿ ಟೈಪ್ ಮಾಡಿ, ನಿಜವಾದ ಹೊತ್ತಿನಲ್ಲಿ ಕಳಿಸಿ, ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ. ರಾತ್ರಿ 10.50ರ ಚಾಟ್ ಅಂದರೆ ಮೇಲಿನ ಪಟ್ಟಿಯಲ್ಲೂ 10.50 ಇರಬೇಕು, ಬ್ಯಾಟರಿ 18ಕ್ಕೆ ಇಳಿದಿರಬೇಕು, ಮರುದಿನ ಬೆಳಿಗ್ಗೆಯದರಲ್ಲಿ ಏರಿರಬೇಕು. ಒಂದು ಚಿತ್ರದಲ್ಲಿ ಹತ್ತು ಸಾಲಿಗಿಂತ ಹೆಚ್ಚು ಬೇಡ. ಉದ್ದಚಿತ್ರಕ್ಕೆ 1080×1920 ಅಳತೆ. ಮೇಲೆ 250, ಕೆಳಗೆ 340 ಪಿಕ್ಸೆಲ್ ಜಾಗದಲ್ಲಿ ಮುಖ್ಯ ಸಾಲು ಬರದಂತೆ ನೋಡಿ, ಅಲ್ಲಿ ಆ್ಯಪ್‌ನದೇ ಹೆಸರು, ಗುಂಡಿಗಳು ಕೂತುಬಿಡುತ್ತವೆ.

ಭಾಷೆ? ಈ ಮಕ್ಕಳು ಕನ್ನಡವನ್ನು ಬಹುಪಾಲು ಇಂಗ್ಲಿಷ್ ಅಕ್ಷರದಲ್ಲೇ ಟೈಪಿಸುತ್ತಾರೆ, ಮಾತು ಮಾತ್ರ ಅಪ್ಪಟ ಅಲ್ಲಿಯದು: "ಎಲ್ಲಿದಿ?" "ಬಸ್‌ಸ್ಟ್ಯಾಂಡ್‌ನ್ಯಾಗ." "ಹತ್ತ ನಿಮಿಷದಾಗ ಬರ್ತೀನಿ ಅಂದಿದ್ದಿ." "ಬರಾಕತ್ತೀನಿ ತಡಿಯಲೇ." ಇದನ್ನು ಬೆಂಗಳೂರಿನಲ್ಲಿ ಕೂತು ಬರೆದು ಆಮೇಲೆ ಧಾರವಾಡದ ಬಣ್ಣ ಬಳಿದರೆ ಗೊತ್ತಾಗಿಬಿಡುತ್ತದೆ. ಆ ವಯಸ್ಸಿನ ಇಬ್ಬರು ಸ್ಥಳೀಯರಿಗೆ ಸಂಬಳ ಕೊಟ್ಟು ಪ್ರತಿ ಚಾಟ್ ತಿದ್ದಿಸಿ. ತಂಡದಲ್ಲಿ ನೀವು ಮಾಡುವ ಅತ್ಯುತ್ತಮ ಖರ್ಚು ಇದೇ ಇರಬಹುದು.

ಖಾತೆಗಳ ವಿಚಾರದಲ್ಲಿ ಅವಧಿ ಮುಖ್ಯ. ಇನ್‌ಸ್ಟಾಗ್ರಾಂನಲ್ಲಿ ಹಿಂದಿನ ದಿನಾಂಕ ಹಾಕಿ ಪೋಸ್ಟ್ ಮಾಡಲು ಬರುವುದಿಲ್ಲ. ಮೊದಲ ಕ್ಲಿಪ್ ಬಂದ ದಿನ ಪ್ರೇಕ್ಷಕರು ಖಾತೆ ತೆರೆದರೆ ಹಿಂದಿನ ವಾರ ಹುಟ್ಟಿದ ಮೂರು ಪೋಸ್ಟ್ ಕಾಣಬಾರದು. ಕನಿಷ್ಠ ಎಂಟು ವಾರ ಮುಂಚೆ ಶುರು ಮಾಡಿ, ವಾರಕ್ಕೆ ಒಂದೆರಡು ಸಣ್ಣಪುಟ್ಟ ಸಂಗತಿಯ ಫೋಟೊ: ಮಸಾಲ ಮಂಡಕ್ಕಿ, ಹಾಸ್ಟೆಲ್ ಕಿಟಕಿ, ತಂಗಿಯ ಹುಟ್ಟುಹಬ್ಬ. ಒಂದೇ ಫೋನಿನಲ್ಲಿ ಒಂದೇ ದಿನ ಸಾಲುಸಾಲು ಖಾತೆ ತೆರೆದರೆ ಸ್ಪ್ಯಾಮ್ ಎಂದು ತಡೆ ಬೀಳುವುದುಂಟು, ದಿನ ಬಿಟ್ಟು ದಿನ ಬೇರೆ ಬೇರೆ ಫೋನಿನಲ್ಲಿ ತೆರೆಯಿರಿ. ಬಯೊದಲ್ಲಿ "ಕಾಲ್ಪನಿಕ ಪಾತ್ರ" ಎಂದು ಧಾರಾವಾಹಿಯ ಹೆಸರಿನೊಡನೆ ಬರೆದೇ ಬಿಡಿ. ಇದರಿಂದ ಭ್ರಮೆ ಹಾಳಾಗುವುದಿಲ್ಲ, ನಂಬುವ ಆಟಕ್ಕೆ ಬಂದವರು ನಂಬಿಯೇ ನಂಬುತ್ತಾರೆ. ಎರಡು ಹಂತದ ಭದ್ರತೆಯ ಕೋಡ್ ಒಬ್ಬರ ಬಳಿಯಷ್ಟೇ ಇದ್ದರೆ ಅವರು ಊರಿಗೆ ಹೋದ ದಿನವೇ ಲಾಗಿನ್ ಕೇಳುತ್ತದೆ, ಇಬ್ಬರ ಬಳಿ ಇರಲಿ. ಕಲಾವಿದರ ಸ್ವಂತ ಖಾತೆಯೂ ಒಪ್ಪಂದದೊಳಗೆ ಬರಬೇಕು: ಎಂಟು ವಾರ ಸೆಟ್‌ನ ಸೆಲ್ಫಿ ಇಲ್ಲ, ಕಥೆಯಲ್ಲಿ ದೂರವಾದ ಜೋಡಿ ನಿಜ ಜೀವನದಲ್ಲಿ ಜೊತೆಗೆ ಊಟ ಮಾಡಿದ ಫೋಟೊ ಇಲ್ಲ. ಸ್ಟೋರಿ 24 ತಾಸಿಗೆ ಮಾಯವಾಗುವುದರಿಂದ ಕಥೆಯ ಎಲುಬಾಗಿರುವ ಯಾವುದೂ ಅದರಲ್ಲಿ ಮಾತ್ರ ಇರಬಾರದು.

ವಾಟ್ಸ್‌ಆ್ಯಪ್ ಬಗ್ಗೆ ಖಡಕ್ಕಾಗಿ ಹೇಳುತ್ತೇನೆ: ಪ್ರೇಕ್ಷಕರ ಗ್ರೂಪ್ ಮಾಡಬೇಡಿ. ಗ್ರೂಪ್‌ನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ, ನಿಮ್ಮ ಪ್ರೇಕ್ಷಕರಲ್ಲಿ ಅರ್ಧದಷ್ಟು ಅಪ್ರಾಪ್ತ ಹುಡುಗಿಯರು. ಒಬ್ಬ ಕಿಡಿಗೇಡಿ ಸಾಕು. ಬೇಕಿದ್ದರೆ 'ಚಾನೆಲ್' ಸೌಲಭ್ಯ ಬಳಸಿ. ಅದು ಏಕಮುಖ, ಹಿಂಬಾಲಿಸುವವರ ನಂಬರ್ ಪರಸ್ಪರ ಕಾಣುವುದಿಲ್ಲ. ಹೆಸರು, ನಂಬರ್, ಕಾಲೇಜು ಕೇಳುವ ಫಾರಂಗಳನ್ನೂ ಕೈಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು. ಒಂದು ಸ್ಪರ್ಧೆಗಾಗಿ ಆ ತಲೆನೋವು ಯಾಕೆ?

ಈಗ ವೋಟಿಂಗ್. ಲೆಕ್ಕ ಸರಳ: ವಾರಕ್ಕೆ ಎರಡು ಆಯ್ಕೆ, ಎಂಟು ವಾರ, ಕವಲುಗಳು ಎಲ್ಲೂ ಕೂಡಿಕೊಳ್ಳದಿದ್ದರೆ 256 ಕಥೆಗಳಾಗುತ್ತವೆ. ಯಾರೂ ಅಷ್ಟು ಬರೆಯುವುದಿಲ್ಲ. ಆದ್ದರಿಂದ ಕವಲುಗಳನ್ನು ಮತ್ತೆ ಒಂದೇ ದಾರಿಗೆ ಎಳೆದು ತರುತ್ತಾರೆ. 2018ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ತಂದ, ನೋಡುಗರೇ ಕಥೆಯ ದಾರಿ ಆರಿಸುವ ಚಿತ್ರ 'ಬ್ಯಾಂಡರ್‌ಸ್ನ್ಯಾಚ್' ಕೂಡ ಎಷ್ಟೋ ಕಡೆ ನೋಡುಗನನ್ನು ಹಿಂದಕ್ಕೆ ಕರೆತಂದು ಇನ್ನೊಂದನ್ನು ಆರಿಸುವಂತೆ ಮಾಡುತ್ತಿತ್ತು. ಅಷ್ಟು ದೊಡ್ಡ ಸಂಸ್ಥೆಯೇ 2024ರ ಕೊನೆಗೆ ಅಂಥ ಬಹುತೇಕ ಕೃತಿಗಳನ್ನು ತೆಗೆದುಹಾಕಿತು. ವಾರದ ಧಾರಾವಾಹಿಯಲ್ಲಿ ತೊಂದರೆ ಇನ್ನೂ ಹೆಚ್ಚು. ಬಹುಮತ ಯಾವಾಗಲೂ ಜೋಡಿ ಒಂದಾಗಲಿ ಎನ್ನುತ್ತದೆ, ಎರಡನೇ ವಾರಕ್ಕೇ. ಆಮೇಲೆ ಕಥೆ ಎಲ್ಲಿದೆ? ಸೋತ ಪಕ್ಷದವರು ಕಥೆಯನ್ನೇ ಬಿಟ್ಟು ಹೋಗುತ್ತಾರೆ. ಬಿಗ್ ಬಾಸ್‌ನಲ್ಲಿ ವೋಟು ನಡೆಯುವುದಕ್ಕೆ ಕಾರಣ ಅಲ್ಲಿ ವೋಟೇ ಕಥೆ. ಯಾರು ಉಳಿದರು ಎಂಬುದರ ಆಚೆ ಬರೆದಿಟ್ಟ ಅಂತ್ಯವಿಲ್ಲ.

ಚಾನೆಲ್ ಹಟ ಹಿಡಿದರೆ ಎರಡು ಸಲ ವೋಟ್ ಇಡಿ, ಮೂರನೇ ಮತ್ತು ಆರನೇ ವಾರ, ಚಿಕ್ಕದೊಂದು ವಿಷಯಕ್ಕೆ: ಕಾಲೇಜ್ ಡೇಗೆ ಯಾವ ಹಾಡಿಗೆ ಕುಣಿಯಬೇಕು, ಮಂಡಳಿಯ ಮಂಟಪಕ್ಕೆ ಯಾವ ಅಲಂಕಾರ. ಎರಡೂ ಆವೃತ್ತಿಯ ಮೂರು ನಿಮಿಷ ಮೊದಲೇ ಚಿತ್ರೀಕರಿಸಿ. ಪಾತ್ರಗಳ ಬದುಕಿನ ತೀರ್ಮಾನ ಜನರ ಕೈಯಲ್ಲಿಲ್ಲ ಎಂಬುದನ್ನು ವೋಟಿಗೆ ಮುಂಚೆಯೇ ಹೇಳಿಬಿಡಿ. ಗೆದ್ದದ್ದು ಏನೇ ಇರಲಿ ಅದನ್ನೇ ತೋರಿಸಬೇಕು. ಈ ಕೊನೆಯ ಮಾತು ಹಾಸ್ಯಾಸ್ಪದವಾಗಿ ಕಂಡೀತು, ಆದರೆ ಬಿಬಿಸಿಯೇ ಇಲ್ಲಿ ಎಡವಿತ್ತು. ಮಕ್ಕಳ ಕಾರ್ಯಕ್ರಮ 'ಬ್ಲೂ ಪೀಟರ್' 2006ರಲ್ಲಿ ಬೆಕ್ಕಿಗೆ ಹೆಸರಿಡಲು ಆನ್‌ಲೈನ್ ವೋಟ್ ಇಟ್ಟಿತು. ಮಕ್ಕಳು ಆರಿಸಿದ್ದು 'ಕುಕಿ', ತಂಡದವರು ಇಟ್ಟ ಹೆಸರು 'ಸಾಕ್ಸ್'. ಅದೇ ವರ್ಷ ಅದೇ ಕಾರ್ಯಕ್ರಮದ ಫೋನ್ ಸ್ಪರ್ಧೆಯಲ್ಲಿ ತಾಂತ್ರಿಕ ದೋಷದಿಂದ ಕರೆಗಳು ಸಿಗದೇ ಹೋದಾಗ ಸ್ಟುಡಿಯೊ ನೋಡಲು ಬಂದಿದ್ದ ಮಗುವನ್ನೇ ಕರೆ ಮಾಡಿದ ವಿಜೇತೆ ಎಂದು ತೋರಿಸಿದರು. ಆ ಸ್ಪರ್ಧೆಯ ಮೋಸಕ್ಕೆ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 50,000 ಪೌಂಡ್ ದಂಡ ಹಾಕಿತು. ಆಗಿನ ಬ್ರಿಟನ್‌ನಲ್ಲಿ ಇದು ಒಂದೇ ಪ್ರಕರಣವಲ್ಲ. ವಿಜೇತರ ಪಟ್ಟಿ ತಯಾರಾದ ಮೇಲೂ ಹಣದ ಕರೆಗಳನ್ನು ಸ್ವೀಕರಿಸುತ್ತಲೇ ಇದ್ದ ಜಿಎಂಟಿವಿಗೆ 2007ರಲ್ಲಿ 20 ಲಕ್ಷ ಪೌಂಡ್, ಇಂಥದೇ ಫೋನ್ ಅಕ್ರಮಗಳಿಗಾಗಿ ಐಟಿವಿಗೆ 2008ರಲ್ಲಿ 56.75 ಲಕ್ಷ ಪೌಂಡ್ ದಂಡ ಬಿತ್ತು.

ನಮ್ಮಲ್ಲಿ 2007ರ 'ಕೌನ್ ಬನೇಗಾ ಕರೋಡ್‌ಪತಿ'ಯ 'ಹರ್ ಸೀಟ್ ಹಾಟ್ ಸೀಟ್' ಸ್ಪರ್ಧೆಗೆ ಒಂದು ಎಸ್‌ಎಂಎಸ್‌ಗೆ 2.40 ರೂಪಾಯಿ ಇತ್ತು. ಬಹುಮಾನದ ಹಣ ಎಸ್‌ಎಂಎಸ್ ಆದಾಯದಿಂದಲೇ ಬರುತ್ತಿದ್ದರೂ ಉಚಿತವೆಂಬಂತೆ ತೋರಿಸಲಾಗಿದೆ ಎಂಬ ದೂರಿನ ಮೇಲೆ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಸ್ಟಾರ್ ಇಂಡಿಯಾ ಮತ್ತು ಏರ್‌ಟೆಲ್‌ಗೆ ಒಂದು ಕೋಟಿ ದಂಡ ವಿಧಿಸಿತು; ಪುರಾವೆ ಸಾಲದೆಂದು ಸುಪ್ರೀಂ ಕೋರ್ಟ್ ನಂತರ ಆ ಆದೇಶವನ್ನು ರದ್ದು ಮಾಡಿತು. ಗೆದ್ದರೂ ಹತ್ತು ವರ್ಷ ಕೋರ್ಟು ಅಲೆಯುವ ಶಕ್ತಿ ನಿಮಗಿಲ್ಲ, ಹಣ ಕೀಳುವ ವೋಟನ್ನು ಮುಟ್ಟಲೇಬೇಡಿ. (ಹಣವಿಲ್ಲದೆಯೂ ಜನ ಬರೆಯುತ್ತಾರೆ ಎಂಬುದಕ್ಕೆ ದೂರದರ್ಶನದ ಹಳೆಯ ಕಾರ್ಯಕ್ರಮ 'ಸುರಭಿ'ಯ ಪ್ರಶ್ನೆ ಸ್ಪರ್ಧೆಯೇ ಸಾಕ್ಷಿ. ವಾರಕ್ಕೆ ಲಕ್ಷಗಟ್ಟಲೆ ಪೋಸ್ಟ್‌ಕಾರ್ಡ್ ಬಂದು, ಸಬ್ಸಿಡಿಯ ಕಾರ್ಡಿನ ಹೊರೆ ತಾಳದೆ ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ 2 ರೂಪಾಯಿಯ ಬೇರೆ ಕಾರ್ಡು ತರಬೇಕಾಯಿತು.)

ವೋಟಿನ ಅವಧಿಯನ್ನು "ಸಂಚಿಕೆ ಮುಗಿಯುವವರೆಗೆ" ಎಂದು ಹೇಳಬೇಡಿ, "ಶನಿವಾರ ರಾತ್ರಿ 9 ಗಂಟೆಯವರೆಗೆ" ಎನ್ನಿ. ಡಿಟಿಎಚ್, ಕೇಬಲ್, ಒಟಿಟಿ ಒಂದೇ ಹೊತ್ತಿಗೆ ತೋರಿಸುವುದಿಲ್ಲ. ಒಟಿಟಿ ಅರ್ಧ ನಿಮಿಷ ಹಿಂದಿರುವುದು ಮಾಮೂಲು. ಸರ್ವರ್ ಗಡಿಯಾರಕ್ಕೆ ಒಂದು ನಿಮಿಷ ಹೆಚ್ಚುವರಿ ಕೊಡಿ. ಮರುಪ್ರಸಾರದಲ್ಲಿ ವೋಟಿನ ಕರೆ ಇರುವ ಭಾಗ ಕತ್ತರಿಸಿ ಹಾಕಿ. ಸಮಸಮ ಬಂದರೆ ಏನು, ಸರ್ವರ್ ಬಿದ್ದರೆ ಏನು ಎಂಬುದನ್ನು ಮೊದಲೇ ಬರೆದು ಪ್ರಕಟಿಸಿ. ಸಂಖ್ಯೆಗಳ ದಾಖಲೆ ಚಾನೆಲ್‌ನ ಹೊರಗಿನ ಒಬ್ಬರ ಬಳಿಯೂ ಇರಲಿ.

ನಿಜಕ್ಕೂ ಅಪಾಯವಿರುವುದು ಇನ್ನೊಂದು ಕಡೆ: ಜನ ನಂಬಿಬಿಡುವುದು. ಸ್ವೀಡನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಸ್‌ವಿಟಿ 2007ರಲ್ಲಿ 'ಮಾರಿಕಾಳ ಬಗೆಗಿನ ಸತ್ಯ' ಎಂಬ ಸರಣಿ ಮಾಡಿತು. ಮದುವೆಯ ರಾತ್ರಿ ಕಾಣೆಯಾದ ವಧುವಿನ ಕಥೆ. ನಾಟಕದ ಜೊತೆಗೆ ಸ್ಟುಡಿಯೊ ಚರ್ಚೆ, ಜಾಲತಾಣ, ಬೀದಿಯಲ್ಲಿ ನಡೆಯುವ ಹುಡುಕಾಟದ ಆಟ ಎಲ್ಲವನ್ನೂ ನಿಜವೆಂಬಂತೆ ಕಟ್ಟಿದರು. ಅದಕ್ಕೆ 2008ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಬಂತು. ಆದರೆ ಆಟವೆಂದು ತಿಳಿದು ಒಳಬಂದವರಿಗೆ ಇರುವ ಸಂತೋಷ, ಚಾನೆಲ್ ಬದಲಿಸುತ್ತ ಅರ್ಧದಲ್ಲಿ ಬಂದವನಿಗೆ ಇರುವುದಿಲ್ಲ; ಅವನಿಗೆ ಅದು ಸುದ್ದಿ. ನಿಮ್ಮ ಪಾತ್ರ "ನನಗೆ ಬದುಕು ಸಾಕಾಗಿದೆ" ಎಂದು ಪೋಸ್ಟ್ ಹಾಕಿದರೆ ಯಾರೋ 112ಕ್ಕೆ ಫೋನ್ ಮಾಡಿಯೇ ಮಾಡುತ್ತಾರೆ. ಕಾಣೆಯಾಗುವುದು, ಆತ್ಮಹತ್ಯೆ, ದೌರ್ಜನ್ಯ, ಕೋಮುಗಲಭೆ ಈ ನಾಲ್ಕು ಪಾತ್ರದ ಖಾತೆಯಿಂದ ಹೊರಬರಬಾರದು. ಕ್ಲಿಪ್‌ನಲ್ಲಿ ಬರಲಿ, ಅಲ್ಲಿ ಶೀರ್ಷಿಕೆಯಿದೆ, ಚೌಕಟ್ಟಿದೆ.

ಇದರ ತಿರುಗುಮುರುಗು ಸ್ಥಿತಿಯೂ ಬರುತ್ತದೆ: ನೋಡುವ ಮಕ್ಕಳು ಪಾತ್ರದ ಇನ್‌ಬಾಕ್ಸಿಗೆ ತಮ್ಮ ಸ್ವಂತ ಸಂಕಟ ಬರೆಯುತ್ತಾರೆ. ಮನೆಯಲ್ಲಿ ಹೊಡೆತ, ಪರೀಕ್ಷೆಯ ಭಯ, ಅದಕ್ಕಿಂತ ಕೆಟ್ಟದ್ದು. ಪಾತ್ರವಾಗಿ ಉತ್ತರಿಸುವುದು ಇಲ್ಲಿ ಅಪರಾಧಕ್ಕೆ ಸಮ. ಸಂಸ್ಥೆಯ ಹೆಸರಿನಲ್ಲಿ ಒಂದು ಸಿದ್ಧ ಉತ್ತರವಿರಲಿ, ಅದರಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ–ಮಾನಸ್ 14416 (ದೇಶದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್) ಮತ್ತು ಮಕ್ಕಳ ಸಹಾಯವಾಣಿ 1098 ಇರಲಿ. ದಿನಕ್ಕೆ ಎರಡು ಸಲ ಒಬ್ಬ ಮನುಷ್ಯ ಇನ್‌ಬಾಕ್ಸ್ ಓದಬೇಕು. ಅದಕ್ಕೆ ಜನ ಇಲ್ಲವೆಂದರೆ ಮೆಸೇಜ್ ಸೌಲಭ್ಯ ಸಾಧ್ಯವಾದಷ್ಟು ಮುಚ್ಚಿ, ಖಾತೆಗಳ ಸಂಖ್ಯೆ ಇಳಿಸಿ. ನಟಿಯರ ಮೇಲೆ ಬರುವ ಹೊಲಸು ಕಾಮೆಂಟುಗಳಿಗೆ ಇನ್‌ಸ್ಟಾಗ್ರಾಂನ ಮರೆಮಾಚುವ ಪದಗಳ ಪಟ್ಟಿಗೆ ಕನ್ನಡ ಬೈಗುಳಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ನಾಲ್ಕೈದು ಕಾಗುಣಿತದಲ್ಲಿ ನೀವೇ ತುಂಬಿಸಬೇಕು. ಅದು ತಾನಾಗಿ ಹಿಡಿಯುವುದಿಲ್ಲ. ಹದಿನಾರರ ಪಾತ್ರಗಳಿಗೆ 18 ದಾಟಿದ ಕಲಾವಿದರನ್ನೇ ಆರಿಸಿ.

ಸಂಗೀತದ ಹಕ್ಕು ಬಿಡುಗಡೆಯ ಹಿಂದಿನ ದಿನ ನೆನಪಾಗುವ ವಸ್ತು. 'ಸ್ಕಾಮ್' ತುಂಬ ಜನಪ್ರಿಯ ಹಾಡುಗಳಿದ್ದವು, ಹಕ್ಕು ಇದ್ದದ್ದು ನಾರ್ವೆಯ ಪ್ರಸಾರಕ್ಕೆ. ಜಗತ್ತೆಲ್ಲ ನೋಡತೊಡಗಿದ ಮೇಲೆ 2017ರ ಜನವರಿಯಲ್ಲಿ ಎನ್‌ಆರ್‌ಕೆ ಹೊರದೇಶದವರಿಗೆ ಸರಣಿಯನ್ನೇ ಮುಚ್ಚಬೇಕಾಯಿತು. ಪ್ರಸಿದ್ಧಿಯೇ ಶಿಕ್ಷೆಯಾಯಿತು. ಟಿ.ವಿ., ಯೂಟ್ಯೂಬ್, ಇನ್‌ಸ್ಟಾಗ್ರಾಂ ಮೂರಕ್ಕೂ, ಎಲ್ಲ ದೇಶಕ್ಕೂ ಒಟ್ಟಿಗೆ ಬರೆಸಿಕೊಳ್ಳಿ. ಸಿನಿಮಾ ಹಾಡು ದುಬಾರಿಯಾದರೆ ಹುಬ್ಬಳ್ಳಿಯ ಹುಡುಗರ ಬ್ಯಾಂಡಿನಿಂದ ಆರು ಹಾಡು ಮಾಡಿಸಿ, ಒಪ್ಪಂದ ಒಂದೇ ಪುಟದಲ್ಲಿ ಮುಗಿಯುತ್ತದೆ. ಬಸ್ಸಿನ ದೃಶ್ಯದಲ್ಲಿ ಹಿನ್ನೆಲೆಗೆ ತೇಲಿಬಂದ ಎಫ್‌ಎಂ ಹಾಡೂ ಯೂಟ್ಯೂಬ್‌ನ ಹಕ್ಕು ಪತ್ತೆ ವ್ಯವಸ್ಥೆಗೆ ಸಿಕ್ಕಿಬೀಳುತ್ತದೆ, ಬಿಡುಗಡೆಯಾದ ನಿಮಿಷದಲ್ಲೇ ಕ್ಲಿಪ್ ತಡೆಹಿಡಿಯಬಹುದು. ಪ್ರೈವೇಟ್ ಆಗಿ ಮೊದಲೇ ಏರಿಸುವುದರ ಇನ್ನೊಂದು ಲಾಭ, ಈ ತಕರಾರು ಮುಂಚೆಯೇ ಕಾಣುತ್ತದೆ.

ನಿಮ್ಮ ಆರು ಜನರಲ್ಲಿ ಒಬ್ಬರಿಗೆ ಚಾಟ್ ಮತ್ತು ಖಾತೆಗಳೇ ಪೂರ್ಣಾವಧಿ ಕೆಲಸ, ಅವರು ಬರಹಗಾರರ ಕೋಣೆಯಲ್ಲಿ ಕೂರಬೇಕು, ಡಿಜಿಟಲ್ ಮಾರ್ಕೆಟಿಂಗ್ ವಿಭಾಗದಲ್ಲಲ್ಲ. ಚಾನೆಲ್‌ನ ಮಾರ್ಕೆಟಿಂಗ್‌ನವರಿಗೆ ಪಾತ್ರದ ಖಾತೆಯ ಪಾಸ್‌ವರ್ಡ್ ಕೊಟ್ಟ ದಿನವೇ ಅದರಲ್ಲಿ "ಇಂದು ರಾತ್ರಿ 9ಕ್ಕೆ ತಪ್ಪದೇ ವೀಕ್ಷಿಸಿ" ಬರುತ್ತದೆ. ಮೊದಲ ಮೂರು ವಾರದ ಸಂಚಿಕೆಗಳನ್ನು ಮುಗಿಸಿ ಬ್ಯಾಂಕಿಂಗ್ (ಮುಂಗಡ ಸಂಗ್ರಹ) ಇಟ್ಟುಕೊಳ್ಳಿ. ಕೊನೆಯ ಮೂರರ ಸಂಭಾಷಣೆ ಮಾತ್ರ ತಡವಾಗಿ ಬರೆಯಿರಿ. ಆಗ ಪ್ರೇಕ್ಷಕರ ಊಹೆಗಳನ್ನು ಓದಿ ಒಂದು ಮಾತು, ಒಂದು ನೋಟ ಬದಲಿಸಲು ಜಾಗ ಉಳಿಯುತ್ತದೆ. ಜನ ಯಾವ ಮೂಲೆಯ ಪಾತ್ರವನ್ನು ಕೇಳುತ್ತಿದ್ದಾರೆ, ಯಾವುದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ ಎಂದು ವಾರಕ್ಕೊಮ್ಮೆ ಒಂದು ಪುಟ ಬರೆದು ಬರಹಗಾರರ ಮುಂದಿಡಿ. ವೋಟಿಗಿಂತ ಇದು ಕಥೆಗೆ ಹೆಚ್ಚು ಕೊಡುತ್ತದೆ.

ಚಾನೆಲ್‌ಗೆ ವರದಿ ಕೊಡುವಾಗ ಫಾಲೋವರ್ ಸಂಖ್ಯೆ ಹಿಂದಿಡಿ. ಕ್ಲಿಪ್ ಬಂದ ಮೊದಲ ಅರ್ಧ ಗಂಟೆಯಲ್ಲಿ ನೋಡಿದವರು ವಾರದಿಂದ ವಾರಕ್ಕೆ ಏರುತ್ತಿದ್ದಾರೆಯೇ, ಕ್ಲಿಪ್ ಇಲ್ಲದ ದಿನವೂ ಖಾತೆಗಳಿಗೆ ಜನ ಬರುತ್ತಿದ್ದಾರೆಯೇ ಎಂಬ ಎರಡು ಸಂಖ್ಯೆ ಮುಂದಿಡಿ. ನಾಲ್ಕನೇ ವಾರಕ್ಕೂ ಎರಡನೆಯದು ಸೊನ್ನೆಯ ಹತ್ತಿರವಿದ್ದರೆ ಖಾತೆಗಳನ್ನು ನಿಲ್ಲಿಸಿ ಆ ಶ್ರಮವನ್ನು ಕ್ಲಿಪ್‌ಗಳಿಗೆ ಹಾಕಿ.

ಮುಗಿದ ಮೇಲೆ ಖಾತೆಗಳನ್ನು ಅಳಿಸಬೇಡಿ, ಮುಂದುವರಿಸಲೂ ಬೇಡಿ. ಬಯೊದಲ್ಲಿ ಕಥೆ ಮುಗಿದ ದಿನಾಂಕ ಹಾಕಿ, ಕಾಮೆಂಟ್ ಮುಚ್ಚಿ. ಕ್ಲಿಪ್, ಚಾಟ್, ಪೋಸ್ಟ್ ಎಲ್ಲವನ್ನೂ ಬಂದ ದಿನ–ವೇಳೆಯೊಡನೆ ಅನುಕ್ರಮವಾಗಿ ಒಂದೇ ಪುಟದಲ್ಲಿ ಜೋಡಿಸಿಡಿ, ತಡವಾಗಿ ಬಂದವರು ಬೇರೆಲ್ಲೂ ಹುಡುಕದೆ ಅದೇ ಕ್ರಮದಲ್ಲಿ ನೋಡುವಂತಿರಲಿ. ಇದನ್ನು ಪ್ರತಿ ಶನಿವಾರ ಆ ವಾರದ್ದಷ್ಟು ಮಾಡುತ್ತ ಹೋಗಿ. ಎಂಟನೇ ವಾರದ ಕೊನೆಗೆ ಒಟ್ಟಿಗೆ ಮಾಡುತ್ತೇವೆಂದರೆ ಆಗ ತಂಡದಲ್ಲಿ ಯಾರೂ ಉಳಿದಿರುವುದಿಲ್ಲ.